ದೊಡ್ಡಮ್ಮನ ಸೋಲಿನ ವರದಿಗಳು

ನನ್ನ ದೊಡ್ಡಮ್ಮನಷ್ಟು ಸೋತ ಸಂಶೋಧಕಿ ಇಡೀ ಉಡುಪಿ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಇದ್ದರೂ ಅವರು ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡಿರುತ್ತಾರೆ. ದೊಡ್ಡಮ್ಮ ಹಾಗಲ್ಲ, ಸೋತದ್ದನ್ನೆಲ್ಲ ಅಚ್ಚು ಹಾಕಿಸುತ್ತಾರೆ!

ಅಚ್ಚು ಹಾಕುವವಳು ನಾನೇ. ಮಣಿಪಾಲದ ಜೆರಾಕ್ಸ್ ಅಂಗಡಿಯೊಂದರ ಮಹಡಿಯಲ್ಲಿ ಕೂತು ನಾನೂ ನನ್ನ ಗೆಳತಿಯೂ ಒಂದು ಪುಟ್ಟ ಪತ್ರಿಕೆ ಹೊರಡಿಸುತ್ತಿದ್ದೆವು. ಯಂತ್ರಗಳು ನಮ್ಮ ಮನೆಯೊಳಗೆ ಬಂದು ಏನೇನು ಮಾಡುತ್ತವೆ ಎಂಬುದೇ ಅದರ ವಿಷಯ. ಜಾಹೀರಾತಿಲ್ಲ, ಸಂಭಾವನೆಯಿಲ್ಲ. ಇಂಥ ಪತ್ರಿಕೆಗೆ ಯಾರು ಬರೆಯುತ್ತಾರೆ? ಕಾಪುವಿನ ದೊಡ್ಡಮ್ಮ ಬರೆದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ತಾವೇ ಕಟ್ಟಿದ ಯಂತ್ರದ ಬಗ್ಗೆ ಬರೆಯುವುದು, ಅದೂ ಕೆಟ್ಟ ಮೇಲೆಯೇ ಬರೆಯುವುದು, ಅವರ ನಿಯಮ.

"ಗೆದ್ದ ಯಂತ್ರಕ್ಕೆ ಜಾಹೀರಾತು ಉಂಟು ಮಾರಾಯ್ತಿ. ಸೋತದ್ದಕ್ಕೆ ಯಾರುಂಟು?"

ಯಂತ್ರಗಳೆಲ್ಲ ದೊಡ್ಡಪ್ಪನಿಗಾಗಿ. ದೊಡ್ಡಪ್ಪ ಕಾಪು ಬಸ್‌ಸ್ಟ್ಯಾಂಡಿನಲ್ಲಿ ಊರು ಕೂಗಿ ಜನರನ್ನು ಬಸ್ಸಿಗೆ ಹತ್ತಿಸುವ ಏಜೆಂಟರಾಗಿದ್ದವರು. ಯಾವ ಬಸ್ಸು ಎಷ್ಟು ಹೊತ್ತಿಗೆ ಎಂಬುದು ಅವರಿಗೆ ಬಾಯಿಪಾಠ. ಈಗ ಮರೆವಿನ ಕಾಯಿಲೆ. ಸ್ವಂತ ಮಗಳ ಹೆಸರು ಮರೆತಿದ್ದಾರೆ, ಡ್ಯೂಟಿ ಮರೆತಿಲ್ಲ. ಒಂದು ಮಧ್ಯಾಹ್ನ ಕಾಣೆಯಾದವರು ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಅಲ್ಲಿ ನಿಂತು ಕಂಡವರನ್ನೆಲ್ಲ ಸರಿಯಾದ ಬಸ್ಸಿಗೇ ಹತ್ತಿಸುತ್ತಿದ್ದರಂತೆ. ತಾವು ಯಾವುದಕ್ಕೆ ಹತ್ತಬೇಕೆಂಬುದು ಮಾತ್ರ ಗೊತ್ತಿರಲಿಲ್ಲ.

ಆಗ ಹುಟ್ಟಿದ್ದು ಮಾತಾಡುವ ಗೇಟು. ತೆರೆದ ಕೂಡಲೇ ದೊಡ್ಡಮ್ಮನ ಧ್ವನಿಯಲ್ಲಿ "ಎಲ್ಲಿಗೆ ಹೋಗುದು?" ಎಂದು ಗದರುತ್ತಿತ್ತು. ಮೀನು ಮಾರುವ ಹೆಂಗಸು ಕೋಪಿಸಿಕೊಂಡು ಆ ದಾರಿಗೇ ಬರುವುದನ್ನು ಬಿಟ್ಟಳು. ದೊಡ್ಡಪ್ಪ ಮಾತ್ರ ಗೇಟಿಗೆ ವಿನಯದಿಂದ "ಡ್ಯೂಟಿಗೆ" ಎಂದು ಉತ್ತರ ಕೊಟ್ಟು, ಅದನ್ನು ಹಿಂದಿನಿಂದ ಜೋಪಾನವಾಗಿ ಹಾಕಿಕೊಂಡು ಹೊರಟುಬಿಡುತ್ತಿದ್ದರು.

ಆಮೇಲೆ ಚಪ್ಪಲಿ. ಅಟ್ಟೆಯೊಳಗೆ ಒಂದು ಸಣ್ಣ ಯಂತ್ರ ಅಡಗಿಸಿಟ್ಟರೆ, ದೊಡ್ಡಪ್ಪ ಎಲ್ಲಿದ್ದಾರೆಂದು ಮೊಬೈಲಿನ ನಕ್ಷೆ ತೋರಿಸುತ್ತದೆ. ಒಂದು ದಿನ ಅದು ಹೆಜಮಾಡಿಯನ್ನು ತೋರಿಸಿತು. ನನ್ನ ಸ್ಕೂಟರಿನಲ್ಲಿ ಇಬ್ಬರೂ ಹೆದ್ದಾರಿ ಹಿಡಿದೆವು. ದೊಡ್ಡಮ್ಮ ದಾರಿಯುದ್ದಕ್ಕೂ ನನ್ನ ಹೆಗಲನ್ನು ನೋಯುವಷ್ಟು ಹಿಡಿದಿದ್ದರು. ಹೆಜಮಾಡಿಯಲ್ಲಿ ಆ ಚಪ್ಪಲಿಯೊಳಗಿದ್ದದ್ದು ಬಲೆ ನೇಯುತ್ತಿದ್ದ ಒಬ್ಬ ಅಪರಿಚಿತರ ಕಾಲು. ಹಿಂದಿನ ಸಂಜೆ ಕಾಪುವಿನ ಭಜನಾ ಮಂದಿರದ ಹೊರಗೆ ಅದಲುಬದಲಾಗಿತ್ತು. ಅವರು ಕ್ಷಮೆ ಕೇಳಿ, ಚಪ್ಪಲಿಯ ಜೊತೆ ಒಂದಷ್ಟು ಬಂಗುಡೆ ಮೀನನ್ನೂ ಕಟ್ಟಿಕೊಟ್ಟರು. ಮನೆಗೆ ಬಂದರೆ ದೊಡ್ಡಪ್ಪ ಹಿತ್ತಲಿನಿಂದ ಬರುತ್ತಾ, "ಎಲ್ಲಿ ಹೋಗಿದ್ದೆ? ಹೇಳಿ ಹೋಗ್ಬಾರ್ದಾ?" ಎಂದು ಹೆಂಡತಿಯನ್ನೇ ಗದರಿದರು.

ಈ ವರದಿ ಓದಿ ಜನ ಬಿದ್ದು ಬಿದ್ದು ನಕ್ಕರು. ನೆಂಟರು ನಗಲಿಲ್ಲ. "ಗಂಡನ ಕಾಯಿಲೆಯನ್ನು ಪೇಪರಿನಲ್ಲಿ ಹಾಕಿ ನಗಾಡುದಾ?" ಎಂದರು. ಹಾಗೆ ಕೇಳಿದ ಒಬ್ಬರಾದರೂ ಒಂದು ಮಧ್ಯಾಹ್ನ ಬಂದು ದೊಡ್ಡಪ್ಪನ ಜೊತೆ ಕೂತು ದೊಡ್ಡಮ್ಮನನ್ನು ಮಲಗಲು ಬಿಟ್ಟದ್ದುಂಟೇ? ಕೇಳಬೇಡಿ.

ಮಣಿಪಾಲದ ಒಂದು ತಂತ್ರಜ್ಞಾನ ಸಮ್ಮೇಳನಕ್ಕೂ ಕರೆ ಬಂತು. ಊಟದ ನಂತರ, ಸಭೆ ತೂಕಡಿಸುವ ಹೊತ್ತಿನಲ್ಲಿ ದೊಡ್ಡಮ್ಮನ ಸರದಿ. ಹೊಸ ಕಂಪೆನಿಯೊಂದರ ಯುವಕ ಎದ್ದು ನಿಂತು, "ಮೇಡಂ, ಇದನ್ನು ಸ್ಕೇಲ್ ಮಾಡ್ಲಿಕ್ಕೆ ಆಗ್ತದಾ? ಅಂದ್ರೆ, ಸಾವಿರಾರು ಜನಕ್ಕೆ?" ಎಂದು ಕೇಳಿದ.

"ಹೇಗೆ ಮಾರಾಯ?" ಎಂದರು ದೊಡ್ಡಮ್ಮ. "ನನಗಿರುದು ಒಬ್ಬರೇ ಗಂಡ."

ಸಭೆ ಎಚ್ಚರವಾಗಿ ಚಪ್ಪಾಳೆ ತಟ್ಟಿತು. ಮರುವರ್ಷ ಅದೇ ಕಂಪೆನಿಯ ಜಾಹೀರಾತಿನಲ್ಲಿ ಅದೇ ಚಪ್ಪಲಿ ಬಂತು, ದೊಡ್ಡಮ್ಮನ ಹೆಸರೊಂದನ್ನು ಬಿಟ್ಟು. ನಾನು ಕುದಿದುಹೋದೆ. ದೊಡ್ಡಮ್ಮ ಜಾಹೀರಾತನ್ನು ಕನ್ನಡಕ ಹಾಕಿಕೊಂಡು ಓದಿದರು. "ಸೋತದ್ದನ್ನೂ ಕದಿಯುವವರುಂಟಲ್ಲ, ಪಾಪ. ಇನ್ನು ಅವರೂ ಹೆಜಮಾಡಿಗೆ ಹೋಗ್ಬೇಕು."

ಕೊನೆಗೆ ಸೋತದ್ದು ಪತ್ರಿಕೆ. ಓದುವವರು ಮೊಬೈಲಿಗೆ ಹೋದರು, ಗೆಳತಿ ನೌಕರಿಗೆ ಹೋದಳು. ಈ ಸಂಚಿಕೆಯೇ ಕೊನೆಯದು ಎಂದು ಹೇಳಲು ನಾನು ಕಾಪುವಿಗೆ ಹೋದೆ. ದೊಡ್ಡಮ್ಮ ಜಗಲಿಯಲ್ಲಿ ಕೂತು, ಸ್ಕ್ರೂಡ್ರೈವರ್ ಹಿಡಿದು ಮುಂದಿನ ಯಂತ್ರಕ್ಕೆಂದು ಹಳೆಯ ಗೋಡೆ ಗಡಿಯಾರವೊಂದನ್ನು ಬಿಚ್ಚುತ್ತಿದ್ದರು. ಕಣ್ಣಿನ ಕೆಳಗೆ ಕಪ್ಪುಗಟ್ಟಿತ್ತು.

"ಹಾಗಾದ್ರೆ ಇದರ ಸೋಲಿನ ವರದಿ ಯಾರು ಬರೆಯುದು? ನೀನಾ, ನಾನಾ?" ಎಂದರು. ನಗಲು ನೋಡಿದರು, ಆಗಲಿಲ್ಲ.

ಅಷ್ಟರಲ್ಲಿ ಪಕ್ಕದ ಕುರ್ಚಿಯಿಂದ ನಗು ಕೇಳಿತು. ದೊಡ್ಡಪ್ಪ ಪತ್ರಿಕೆಯ ಹಳೆಯ ಸಂಚಿಕೆಯೊಂದನ್ನು ಓದುತ್ತಿದ್ದರು.

"ಏ, ಇಲ್ಲಿ ಕೇಳು. ಒಬ್ಬಳು ಹೆಂಗಸು, ಗಂಡ ಕಳೆದುಹೋಗ್ತಾನೆ ಅಂತ ಅವನ ಚಪ್ಪಲಿಯೊಳಗೆ ಎಂತದೋ ಇಟ್ಟಿದ್ದಾಳೆ."

"ಹೌದಾ? ಮತ್ತೆ ಎಂತ ಆಯ್ತು?" ಎಂದರು ದೊಡ್ಡಮ್ಮ, ಮೊದಲ ಸಲ ಕೇಳುವವರಂತೆ.

ದೊಡ್ಡಪ್ಪ ಪೂರ್ತಿ ಓದಿ ಹೇಳಿದರು. ಬಂಗುಡೆಯ ಜಾಗಕ್ಕೆ ಬಂದಾಗ ನಕ್ಕು ನಕ್ಕು ಕಣ್ಣೀರು ಬಂತು. ಆಮೇಲೆ ಪತ್ರಿಕೆಯನ್ನು ತೊಡೆಯ ಮೇಲೆ ಮಗುಚಿಟ್ಟರು.

"ಅವಳು ಎಲ್ಲಿಯಾದ್ರೂ ಸಿಕ್ಕಿದ್ರೆ ಒಂದು ಮಾತು ಹೇಳ್ಬೇಕು," ಎಂದರು.

"ಎಂತ ಹೇಳ್ಬೇಕು?"

"ಇಷ್ಟು ಮಾಡಿದ್ದು ಸಾಕು, ಇನ್ನು ಸ್ವಲ್ಪ ಮಲಗು ಅಂತ."

ದೊಡ್ಡಮ್ಮ ಸ್ಕ್ರೂಡ್ರೈವರನ್ನು ಕೆಳಗಿಟ್ಟರು.

"ಆಯ್ತು," ಎಂದರು.