ಮಾವನ ಎದೆಗೆ ಬಂದ ಕ್ರೇನು

2007ರ ಬೇಸಿಗೆಯಲ್ಲಿ ಹೊಸಪೇಟೆಯ ನಮ್ಮ ಸೋದರಮಾವನಿಗೆ ಹೃದಯಾಘಾತವಾಯಿತು. ಆಘಾತಕ್ಕಿಂತ ಹೆಚ್ಚು ಹಾನಿ ಮಾಡಿದವರು ನೆರವಿಗೆ ಬಂದವರು ಎಂಬುದು ಅವರ ವಾದ. ಈ ವಾದ ಕೊಟ್ಟವರು ಯಾರು? ಹೃದಯದ ಡಾಕ್ಟರೇ!

ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳಿವೆ, ರೋಗಾಣು ಕೊಲ್ಲುವುದು, ಸತ್ತ ಕೋಶ ತೆರವು ಮಾಡುವುದು ಅವುಗಳ ಕೆಲಸ, ಆದರೆ ಹೃದಯಾಘಾತವಾದಾಗ ಗುಂಪಾಗಿ ನುಗ್ಗಿ ಪಕ್ಕದ ಬದುಕಿರುವ ಕೋಶಗಳನ್ನೂ ಘಾಸಿ ಮಾಡುತ್ತವೆ ಎಂದು ಡಾಕ್ಟರು ವಿವರಿಸಿದ್ದರು.

ಮಾವ ಆಸ್ಪತ್ರೆಯ ಮಂಚದಲ್ಲೇ ಎದ್ದು ಕುಳಿತರು. "ನನ್ನ ಕ್ರೇನ್ ಇದ್ದಂಗ ಅನ್ರಿ!"

ಸಂಡೂರು ರಸ್ತೆಯಲ್ಲಿ ಮಗುಚಿದ ಅದಿರು ಲಾರಿಗಳನ್ನು ಎತ್ತುವುದು ಮಾವನ ಕಸುಬು. ಆ ವರ್ಷಗಳಲ್ಲಿ ಬಿಡುವೆಲ್ಲಿ! ಲಾರಿ ಬಿದ್ದಾಗ ಬಾಗಿಲೊಂದು ನುಗ್ಗಾಗಿರುತ್ತಿತ್ತು. ಮಾವ ಎತ್ತಿದ ಮೇಲೆ ಕ್ಯಾಬಿನ್ನೇ ಇರುತ್ತಿರಲಿಲ್ಲ.

ಮನೆಗೆ ಬಂದವರೇ ಮಾವ ಕಾನೂನು ಮಾಡಿದರು: ನೆರವಿಗೆ ಯಾರೂ ಬರಬಾರದು. ನಮ್ಮವ್ವ, ಅಂದರೆ ಅವರ ಸ್ವಂತ ತಂಗಿ, ಎಮ್ಮಿಗನೂರಿನಿಂದ ರೊಟ್ಟಿ ಗಂಟು ಹೊತ್ತು ಬಂದರೆ ಬಾಗಿಲಲ್ಲೇ ತಡೆದರು.

"ಬ್ಯಾಡ ತಂಗಿ, ನೀ ಕಾಂಪ್ಲಿಮೆಂಟ್ ಅದಿ."

"ನಾ ನಿನ್ನ ಒಡಹುಟ್ಟಿದಾಕಿ ಅಣ್ಣಾ!"

"ಅದಕ್ಕ ಭಾಳ ಜೋರಾಗಿ ಬಂದಿ."

ಎದುರು ಮನೆಯವರ ಎಳನೀರು ವಾಪಸಾಯಿತು. ಕಂಪ್ಲಿಯ ಬೀಗರು ಹೊಸ್ತಿಲು ದಾಟಲಿಲ್ಲ. ಮಾವ ಜಗಲಿಯಲ್ಲಿ ಒಂದೇ ಕುರ್ಚಿ ಉಳಿಸಿ ಮಿಕ್ಕಿದ್ದನ್ನು ಒಳಗೆ ಪೇರಿಸಿಟ್ಟರು. ನನಗೊಬ್ಬನಿಗೆ ಪ್ರವೇಶವಿತ್ತು. ಯಾಕೆ? ಪತ್ರಿಕೆಯವನು, ಯಾರಿಗೂ ನೆರವಾದವನಲ್ಲ ಎಂದು!

ಅತ್ತೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಮಾತು ಇದ್ದದ್ದೇ ಬಂದುಹೋಗುವವರಿಂದ. ದೀಪಾವಳಿಯ ಹೊತ್ತಿಗೆ ಅವರೆಲ್ಲ ಬರುವುದನ್ನೇ ನಿಲ್ಲಿಸಿದರು. ಕೇಳದೆ ಒಳಗೆ ಬರುತ್ತಿದ್ದುದು ಅದಿರಿನ ಕೆಂಪು ಧೂಳು ಮಾತ್ರ. ಬೀದಿಯಲ್ಲಿ ಗೇಟು ಸದ್ದಾದರೆ ಮಾವ ಕತ್ತೆತ್ತಿ ನೋಡುತ್ತಿದ್ದರು. ಅದು ಪಕ್ಕದ ಮನೆಯ ಗೇಟಾಗಿರುತ್ತಿತ್ತು.

ಮುಂದಿನ ತಪಾಸಣೆಗೆ ನಾನೇ ಕರೆದೊಯ್ದೆ.

"ಸಾರ್, ಆ ಕಾಂಪ್ಲಿಮೆಂಟ್ ಪೂರಾ ಬಂದ್ ಮಾಡಾಕ ಬರಲ್ಲೇನ್ರಿ?" ಎಂದು ಮಾವ ಕೇಳಿದರು.

"ಪೂರ್ತಿ ಬಂದ್ ಮಾಡಿದ್ರೆ ಸಣ್ಣ ಸೋಂಕೂ ನಿಮ್ಮನ್ನ ಮಲಗಿಸಿಬಿಡುತ್ತೆ ಯಜಮಾನ್ರೇ. ಗಾಯ ಮಾಯೋದಕ್ಕೂ ಅವು ಬೇಕು."

"ಮದಲ ಹೇಳಬೇಕಿಲ್ಲೋ ಇದನ್ನ!" ಎಂದು ಮಾವ ನನ್ನ ಮೇಲೆ ರೇಗಿದರು.

ಮನೆ ಮುಟ್ಟಿದ ಮೇಲೆ ಅವ್ವನಿಗೆ ಫೋನ್ ಹಚ್ಚಲು ಹೇಳಿದರು.

"ತಂಗಿ, ರೊಟ್ಟಿ ಗಿಟ್ಟಿ ಏನೂ ತರಬ್ಯಾಡ. ಏನೂ ಮಾಡಬ್ಯಾಡ. ಬಂದು ಸುಮ್ಮ ಕುಂದ್ರವಾ."

ಮರುದಿನ ಮೊದಲ ಬಸ್ಸಿಗೇ ಅವ್ವ ಬಂದಳು, ರೊಟ್ಟಿ ಗಂಟಿನೊಂದಿಗೆ. ಮಾವ ಜಗಲಿಗೆ ಇನ್ನೊಂದು ಕುರ್ಚಿ ತಂದು ಅದರ ಧೂಳು ಒರೆಸುತ್ತಿದ್ದರು.