ಕನ್ನಡಕದಂಗಡಿಯ ಕಾದಂಬರಿಕಾರ

ಎಲ್ಲಕ್ಕೂ ಕಾರಣ ಬೆಳಗ್ಗೆ ಬಂದ ಪ್ರಕಾಶಕರ ಫೋನು.

“ನೋಡಿ, ನಿಮ್ಮ ಕಾದಂಬರಿ ಬಂದು ಇಷ್ಟು ದಿನ ಆಯ್ತು. ವೆಬ್‌ಸೈಟಿನಲ್ಲಿ ಅದರ ಕೆಳಗೆ ಒಬ್ಬ ಓದುಗನೂ ಒಂದಕ್ಷರ ಬರೆದಿಲ್ಲ. ದೊಡ್ಡ ಪ್ರಕಾಶಕರು ಊರ ತುಂಬ ಜಾಹೀರಾತು ಹಾಕ್ತಾರೆ. ನಮ್ಮದು ಒಂದು ಕೋಣೆಯ ಸಂಸ್ಥೆ, ಓದಿದವರ ಬಾಯೇ ಗತಿ. ಇವತ್ತು ಸಂಜೆಯೊಳಗೆ ಒಬ್ಬರಾದ್ರೂ ಬರೀಲಿ. ಇಲ್ಲಾಂದ್ರೆ ನಿಮ್ಮ ಎರಡನೇ ಪುಸ್ತಕ ನಮ್ಮಿಂದಾಗಲ್ಲ.”

ನಮ್ಮ ಕಾದಂಬರಿಕಾರ ಹೊಟ್ಟೆಪಾಡಿಗೆ ಕನ್ನಡಕದಂಗಡಿಯಲ್ಲಿ ಕಣ್ಣು ನೋಡಿ, ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವವನು. ಊರಿನ ಅರ್ಧ ಜನ ಓದುವುದೇ ಅವನ ಕೈಗುಣದಿಂದ. ಅವನನ್ನು ಓದಿದವರು ಮಾತ್ರ ಯಾರೂ ಇಲ್ಲ. ಹೆಂಡತಿ ಕೂಡ “ಓದ್ತೀನಿ ಕಣ್ರೀ, ಪುರುಸೊತ್ತಾಗಲಿ” ಎಂದು ಪುಸ್ತಕವನ್ನು ಹಾಲಿನ ಪಾತ್ರೆಗೆ ಮುಚ್ಚಿಟ್ಟಿದ್ದಳು. ಯಾರಾದರೂ ಒಬ್ಬರು “ಮುಂದೇನಾಯ್ತು?” ಎಂದು ಕೇಳಲಿ ಅಂತ ಅವನ ಜೀವ ಹಾತೊರೆಯುತ್ತಿತ್ತು, ಪಾಪ.

ಉಪಾಯವೊಂದು ಹೊಳೆಯಿತು. ಹತ್ತಿರದ ದೃಷ್ಟಿ ಪರೀಕ್ಷಿಸಲು ಗಿರಾಕಿಗಳಿಗೆ ಕೊಡುವ ಕಾರ್ಡನ್ನು ಡ್ರಾಯರಿಗೆ ತಳ್ಳಿ, ತನ್ನ ಕಾದಂಬರಿಯ ಮೊದಲ ಪುಟವನ್ನೇ ರಟ್ಟಿಗೆ ಅಂಟಿಸಿ ಇಟ್ಟ.

ಮೊದಲು ಬಂದ ಬಸ್ ಕಂಡಕ್ಟರ್ ಪಟಪಟನೆ ಓದಿದ.

“ಹೇಗಿದೆ ಸಾರ್?”

“ಕಾಣ್ತಿದೆ.”

“ಅದಲ್ಲ, ಓದಿದ್ದು...”

“ಅಯ್ಯೋ, ಕಾಣ್ತಿದೆ ಅಂದ್ನಲ್ಲಪ್ಪ!”

ಎರಡನೆಯವಳು ಅರ್ಧಕ್ಕೇ ಆಕಳಿಸಿದಳು. ಮಾಲೀಕ ರೇಗಿದ: “ಏನಯ್ಯಾ, ಕಣ್ಣು ತೋರಿಸೋಕೆ ಬಂದೋರು ನಿದ್ದೆಗೆ ಬೀಳ್ತಿದ್ದಾರೆ!”

ಫೋನಿನ ಸಂಗತಿ ಕೇಳಿದ್ದ ಪಕ್ಕದಂಗಡಿಯ ಗಡಿಯಾರ ರಿಪೇರಿಯವನು ತಲೆ ಹಾಕಿದ. “ನಾನು ಬರೀತೀನಿ ಬಿಡು, ಬೈಂಡಿಂಗ್ ಗಟ್ಟಿಯಾಗಿದೆ ಅಂತ. ಓದೋದೆಲ್ಲ ಯಾಕೆ?”

“ಬೇಡ ಮಾರಾಯ. ಓದದೆ ಬರೆದ್ರೆ ನನ್ನ ಹೊಟ್ಟೆ ತುಂಬಲ್ಲ.”

ಮಧ್ಯಾಹ್ನ ಒಬ್ಬರು ನಿವೃತ್ತ ನರ್ಸಮ್ಮ ಬಂದರು. ಪುಟ ಓದಿ ಮುಗಿಸಿ ರಟ್ಟನ್ನು ತಿರುವಿ ನೋಡಿದರು. ಹಿಂದೆ ಖಾಲಿ.

“ಅಲ್ಲಪ್ಪ, ಮುಂದೇನಾಯ್ತು? ಆ ಹುಡುಗಿ ಬಾಗಿಲು ತೆಗೆದ್ಲೋ ಇಲ್ವೋ?”

ಜೀವಮಾನದಲ್ಲೇ ಅಷ್ಟು ಅಕ್ಕರೆಯಿಂದ ಅವನು ಲೆನ್ಸ್ ಕೂರಿಸಿರಲಿಲ್ಲ. ಹೊಸ ಕನ್ನಡಕ ತೊಡಿಸಿ, ಮಾಲೀಕನಿಗೆ ಗೊತ್ತಾಗದಿರಲೆಂದು ಹಳೇ ಪೇಪರ್ ಹೊದಿಸಿದ್ದ ಪುಸ್ತಕವನ್ನು ಆಕೆಯ ಕೈಗಿಟ್ಟು, “ಇಲ್ಲೇ ಕೂತು ಓದಿ ನೋಡೀಮ್ಮ” ಎಂದ. ಬರೆದವನು ನಾನೇ ಎನ್ನಲು ನಾಚಿಕೆಯಾಗಿ ನಾಲಿಗೆ ಏಳಲಿಲ್ಲ.

ಆಕೆ ಸಂಜೆಯವರೆಗೆ ಬೆಂಚು ಬಿಟ್ಟು ಕದಲಲಿಲ್ಲ. ಒಬ್ಬರೇ ನಕ್ಕರು, ಯಾರನ್ನೋ “ಹಾಳಾದವನೇ” ಎಂದು ಬೈದರು, ಕೊನೆಗೆ ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡರು.

“ನಾಲ್ಕು ಸಾಲು ಬರೀಲೇಬೇಕಪ್ಪ ನಾನು. ಎಲ್ಲಿ ಬರೀಬೇಕು?”

ಅವನು ಬಾಯಿ ತೆರೆಯುವಷ್ಟರಲ್ಲಿ ಮಾಲೀಕ ಓಡಿ ಬಂದು ಆಕೆಯ ಮೊಬೈಲಿನಲ್ಲಿ ಏನನ್ನೋ ತೆರೆದುಕೊಟ್ಟ. “ಇಲ್ಲಿ ಬರೀರಿ ಅಮ್ಮಾ, ಇಲ್ಲಿ!” ಆಕೆ ಬರೆದು, ಪುಸ್ತಕವನ್ನು ಎದೆಗವಚಿಕೊಂಡೇ ಹೊರಟುಹೋದರು.

ಮಾಲೀಕ ಅದನ್ನು ತನ್ನ ಮೊಬೈಲಿನಲ್ಲಿ ತೆರೆದು ಗಟ್ಟಿಯಾಗಿ ಓದಿದ: “‘ಎಷ್ಟೋ ವರ್ಷದ ಮೇಲೆ ಒಂದು ಪುಸ್ತಕ ಪೂರ್ತಿ ಓದಿ ಮನಸಾರೆ ಅತ್ತೆ. ಎಲ್ಲ ಈ ಕನ್ನಡಕದ ಪುಣ್ಯ. ಇದನ್ನು ಮಾಡಿದ ಕೈಗೆ ನಮಸ್ಕಾರ.’ ಐದಕ್ಕೆ ಐದು ಸ್ಟಾರು ಕಣಯ್ಯಾ, ನಮ್ಮ ಅಂಗಡಿಗೆ!”

ಅವನು ಬೀದಿಗೆ ಓಡಿದ. ಆಕೆ ಹತ್ತಿದ ಬಸ್ಸು ಆಗಲೇ ತಿರುವು ದಾಟುತ್ತಿತ್ತು. ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

“ಯಾರಾದ್ರೂ ಬರೆದ್ರಾ?” ಎಂದರು ಪ್ರಕಾಶಕರು.

“ಬರೆದ್ರು ಸಾರ್. ತುಂಬ ಚೆನ್ನಾಗಿ ಬರೆದ್ರು. ಕನ್ನಡಕದ ಬಗ್ಗೆ.”

“ಹಾಗಾದ್ರೆ ನಾಳೆ ಬಂದು ನಿಮ್ಮ ಎರಡನೇ ಪುಸ್ತಕದ ಹಸ್ತಪ್ರತಿ ವಾಪಸ್ ತಗೊಂಡು ಹೋಗಿ.”

ಒಳಗೆ ಮಾಲೀಕ ಹಿಗ್ಗಿಹೋಗಿದ್ದ. “ಆ ಕಾರ್ಡು ಇನ್ನು ಬದಲಾಯಿಸ್ಬೇಡಯ್ಯ, ಅದೃಷ್ಟದ್ದು!”

ಕುರ್ಚಿಯಲ್ಲಿ ಇನ್ನೊಬ್ಬ ಗಿರಾಕಿ ಕೂತು ಅದೇ ಪುಟ ಓದುತ್ತಿದ್ದ. ಕೊನೆಯ ಸಾಲು ಬಂದಾಗ ನಮ್ಮವನು ತಡೆಯಲಾರದೆ ಮುಂದಕ್ಕೆ ಬಾಗಿದ.

“ಕಾಣ್ತಿದೆ,” ಎಂದ ಗಿರಾಕಿ.