ದ್ವಿಘಟಕ ಪಾದರಕ್ಷಣಾ ವ್ಯವಸ್ಥೆ

ರಾಷ್ಟ್ರದ ರಕ್ಷಣಾ ವೆಚ್ಚವನ್ನು ಯಾವ ಕಾರಣಕ್ಕೂ ಕಡಿಮೆ ಮಾಡತಕ್ಕದ್ದಲ್ಲ ಎಂಬುದು ಶಾಸನಸಭೆಯ ಎಲ್ಲ ಪಕ್ಷಗಳೂ ಒಪ್ಪಿರುವ ಏಕೈಕ ಸಂಗತಿ. ಆದ್ದರಿಂದ ಈ ವರ್ಷ ಸೇನಾಪತಿಗಳು ರಕ್ಷಣಾ ಸಮಿತಿಯ ಮುಂದೆ ಬಂದು, "ಬೂಟು ಕೊಡಿಸಿ, ಅಷ್ಟೇ ಸಾಕು" ಎಂದಾಗ ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೈಗೆ ಹುಷಾರಿಲ್ಲವೇನ್ರೀ?" ಅಧ್ಯಕ್ಷರು ಅಕ್ಕರೆಯಿಂದ ವಿಚಾರಿಸಿದರು.

"ನನಗೇನಾಗಿಲ್ಲ ಸಾರ್. ಹುಡುಗರ ಬೂಟು ಬಾಯಿ ಬಿಟ್ಟಿವೆ. ಗಡಿಯ ಹಿಮದಲ್ಲಿ ಒಬ್ಬನ ಹೆಬ್ಬೆರಳೇ ಹೋಯ್ತು."

ಸಮಿತಿಯು ಎದ್ದು ನಿಂತು ಹೆಬ್ಬೆರಳಿಗೆ ಸಂತಾಪ ಸೂಚಿಸಿತು.

"ಆದ್ರೆ ಬೂಟು ಯಾರ ಕ್ಷೇತ್ರದಲ್ಲೂ ತಯಾರಾಗಲ್ವಲ್ರೀ," ಅಧ್ಯಕ್ಷರು ಕೂರುತ್ತ ಹೇಳಿದರು. "ಅದರ ಪರ ಕೈ ಎತ್ತೋರು ಯಾರು? ಟ್ಯಾಂಕ್ ನೋಡಿ. ಚೈನು ಇವರ ಕ್ಷೇತ್ರದ್ದು, ನಳಿಗೆ ಅವರ ಕ್ಷೇತ್ರದ್ದು, ಸೀಟಿನ ದಿಂಬು ನಮ್ಮ ಭಾವಮೈದುನಂದು. ಎಂಥಾ ಒಗ್ಗಟ್ಟು!"

"ಟ್ಯಾಂಕ್ ನಿಲ್ಲಿಸೋಕೆ ಜಾಗ ಇಲ್ಲ ಸಾರ್. ನಮ್ಮನೆ ಮುಂದೇನೇ ಎರಡಿವೆ. ನನ್ನ ಹೆಂಡ್ತಿ ನಳಿಗೆ ಮೇಲೆ ಬಟ್ಟೆ ಒಣಹಾಕ್ತಾಳೆ."

"ಬಹೂಪಯೋಗಿ" ಎಂದು ನಡಾವಳಿಯಲ್ಲಿ ಬರೆಸಲಾಯಿತು. ಟ್ಯಾಂಕುಗಳಿಗೆ ಸರ್ವಾನುಮತದ ಒಪ್ಪಿಗೆ ದೊರೆಯಿತು. ಟ್ಯಾಂಕಿನೊಳಗೆ ಕೂತವರಿಗೆ ಬೂಟು ಅನಗತ್ಯ ಎಂಬ ಟಿಪ್ಪಣಿಯನ್ನೂ ಸೇರಿಸಲಾಯಿತು.

ಸೇನಾಪತಿಗಳು ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದರು.

"ಅಲ್ಲಾರೀ, ಅವರ ಹತ್ರ ಬೂಟು ಅಂತ ಯಾಕಂದ್ರಿ?" ಹೆಂಡತಿ ಗದರಿದರು. "ಮಗೂಗೆ ಔಷಧಿ ಕುಡಿಸೋವಾಗ ಔಷಧಿ ಅಂತೀವಾ?"

ಮರುದಿನ ಸೇನಾಪತಿಗಳು 'ದ್ವಿಘಟಕ ಪಾದರಕ್ಷಣಾ ವ್ಯವಸ್ಥೆ' ಎಂಬ ಯೋಜನೆ ಮಂಡಿಸಿ, ಬೂಟಿನ ಬೆಲೆಯ ನೂರು ಪಟ್ಟು ಕೇಳಿದರು. ಸಮಿತಿಯು ಮೇಜು ಕುಟ್ಟಿ ಇನ್ನೂರು ಪಟ್ಟು ಮಂಜೂರು ಮಾಡಿತು. ಯಾರಿಗೂ ಅನ್ಯಾಯವಾಗಬಾರದೆಂದು ಎಡಗಾಲಿನ ತಯಾರಿಕೆಯನ್ನು ಆಳುವ ಪಕ್ಷದ ಕ್ಷೇತ್ರಗಳಿಗೂ, ಬಲಗಾಲಿನದನ್ನು ವಿರೋಧ ಪಕ್ಷದ ಕ್ಷೇತ್ರಗಳಿಗೂ ಹಂಚಲಾಯಿತು.

ಎಡಗಾಲಿನವು ಸಕಾಲಕ್ಕೆ ಬಂದವು. ವಿರೋಧ ಪಕ್ಷದವರು ಇನ್ಯಾವುದೋ ಸಿಟ್ಟಿಗೆ ಸಭಾತ್ಯಾಗ ಮಾಡಿದ್ದರಿಂದ ಬಲಗಾಲು ಮುಂದಿನ ಅಧಿವೇಶನಕ್ಕೆ ಹೋಯಿತು.

ವಾರ್ಷಿಕ ಪಥಸಂಚಲನದಲ್ಲಿ ಇಡೀ ಸೇನೆ ಎಡಗಾಲಲ್ಲಿ ಕುಪ್ಪಳಿಸುತ್ತ ಬಂತು. ಕೂಡಲೇ ಧ್ವನಿವರ್ಧಕದಲ್ಲಿ ಪ್ರಕಟಣೆ ಹೊರಟಿತು: "ದೇಶಕ್ಕಾಗಿ ಒಂಟಿಕಾಲಲ್ಲಿ ನಿಂತಿರುವ ಸೇನೆ ಲೋಕದಲ್ಲಿ ನಮ್ಮದೊಂದೇ. ಗೌರವಾರ್ಥವಾಗಿ ಸಮಸ್ತರೂ ಬಲಗಾಲು ಎತ್ತತಕ್ಕದ್ದು."

ಅಧ್ಯಕ್ಷರು ಪಕ್ಕದವರ ಹೆಗಲು ಹಿಡಿದು ಎತ್ತಿದರು. ಸೇನಾಪತಿಗಳು ಎತ್ತಿದರು. ಅವರ ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಎತ್ತಿದರು. ಜನರೂ ಎತ್ತಿದರು. ಗಾಳಿ ಜೋರಾಗಿದ್ದುದರಿಂದ ಒಂದು ಸಾಲಿಗೆ ಸಾಲೇ ಉರುಳಿಬಿತ್ತಾದರೂ, ಬಿದ್ದವರ್ಯಾರೂ ಕಾಲು ಇಳಿಸಲಿಲ್ಲ.